ಭಾವನ ಎಡಗಾಲಿನ ಶೂ

ಹೊಸ ಚಪ್ಪಲಿ ಹಾಕಿಕೊಂಡು ದೇವಸ್ಥಾನಕ್ಕೆ ಹೋದವನಿಗೆ ದೇವರು ಕಾಣಿಸುವುದಿಲ್ಲ ಎಂಬುದು ನನ್ನ ಅನುಭವ. ಒಳಗೆ ಮಂಗಳಾರತಿ ಆಗುತ್ತಿರುತ್ತದೆ, ಕೈ ಮುಗಿದುಕೊಂಡೇ ಇರುತ್ತದೆ, ಬಾಯಿ ಕೂಡ ಏನೋ ಮಣಮಣ ಎನ್ನುತ್ತಿರುತ್ತದೆ. ಮನಸ್ಸು ಮಾತ್ರ ಹೊರಗೆ ಚಪ್ಪಲಿಗಳ ರಾಶಿಯ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತು ಕಾವಲು ಕಾಯುತ್ತಿರುತ್ತದೆ. ತೀರ್ಥಕ್ಕೆ ಕೈ ಚಾಚುವಾಗಲೂ ಕಣ್ಣು ಬಾಗಿಲ ಕಡೆಗೇ. ಇದಕ್ಕೆ ನಮ್ಮ ಕಡೆಯವರು ಒಂದು ಉಪಾಯ ಕಂಡುಕೊಂಡಿದ್ದಾರೆ. ಬಲಗಾಲಿನದ್ದನ್ನು ಒಂದು ಬಾಗಿಲಲ್ಲಿ ಬಿಡುವುದು, ಎಡಗಾಲಿನದ್ದನ್ನು ಅಲ್ಲಿಂದ ದೂರ ಇನ್ನೊಂದು ಬಾಗಿಲಲ್ಲಿ ಬಿಡುವುದು. ಒಂಟಿ ಚಪ್ಪಲಿಯನ್ನು ಯಾವ ಕಳ್ಳನೂ ಮುಟ್ಟುವುದಿಲ್ಲ, ಕಳ್ಳನಿಗೂ ಎರಡು ಕಾಲು ಇರುತ್ತವಲ್ಲ. ಉಡುಪಿಯಿಂದ ಕಾರ್ಕಳದವರೆಗೆ ನಾನು ಕೈಮುಗಿದ ಎಲ್ಲ ದೇವರ ಬಾಗಿಲಲ್ಲೂ ಈ ಉಪಾಯ ನನ್ನನ್ನು ಕಾಪಾಡಿದೆ. ಕೈಕೊಟ್ಟದ್ದು ಇಟಲಿಯಲ್ಲಿ ಮಾತ್ರ.

ನಾನು ಮೊದಲೇ ಒಂದು ಕಡೆ ನಿಲ್ಲುವ ಆಸಾಮಿಯಲ್ಲ. ಊಟಕ್ಕೆ ಕುಳಿತರೆ ಸಾರು ಬಡಿಸುವಾಗ ಮಜ್ಜಿಗೆಯ ಯೋಚನೆ, ಮಜ್ಜಿಗೆ ಬಂದಾಗ ಕೈ ತೊಳೆಯುವ ಯೋಚನೆ. ಸಣ್ಣವನಿದ್ದಾಗ ನನ್ನನ್ನು ಕೂರಿಸಿ ಕ್ಷೌರ ಮಾಡಿಸಲು ಮನೆಮಂದಿಯೆಲ್ಲ ಬೇಕಾಗುತ್ತಿತ್ತಂತೆ. ಇಂಥವನನ್ನು ಕರೆದುಕೊಂಡು ಹೋಗಿ ಯುರೋಪಿನ ಚಿತ್ರಗಳ ಮುಂದೆ ನಿಲ್ಲಿಸಬೇಕೆಂದು ಯಾವ ಪುಣ್ಯಾತ್ಮನಿಗೆ ತೋಚಿತೋ ಗೊತ್ತಿಲ್ಲ. ಅರವತ್ತರ ದಶಕದ ಆರಂಭ. ನಾನು ಮಣಿಪಾಲದಲ್ಲಿ ಓದುತ್ತಿದ್ದೆ. ಹೊರದೇಶದ ಒಂದು ವಿದ್ಯಾರ್ಥಿ ಸಂಘದವರು ಇಲ್ಲಿಯ ಹುಡುಗರನ್ನು ಕರೆಸಿಕೊಂಡು ಅಲ್ಲಿಯ ಕಲೆ, ಸಂಸ್ಕೃತಿ ತೋರಿಸುತ್ತಾರೆ, ಆಸೆ ಇದ್ದವರು ನಿಮ್ಮ ಊರಿನ ಕಲೆಯ ಬಗ್ಗೆ ಬರೆದುಕೊಡಿ ಎಂದರು. ನಾನು ಕಾರ್ಕಳದವನು. ಬಂಡೆಯ ಮೇಲಿನ ಗೊಮ್ಮಟನ ಬಗ್ಗೆ ಬರೆದೆ. ಅಷ್ಟು ದೊಡ್ಡ ಮೂರ್ತಿಯನ್ನು ಅಷ್ಟು ಎತ್ತರಕ್ಕೆ ಹೇಗೆ ಎಳೆದಿರಬಹುದು ಎಂಬುದೇ ಅದರ ತುಂಬ. ಹಗ್ಗ, ಗಾಡಿ, ಕೋಣಗಳ ವಿಚಾರ ಬಿಟ್ಟರೆ ಕಲೆಯ ಮಾತು ಒಂದು ಸಾಲೂ ಇರಲಿಲ್ಲ. ಆದರೂ ಆರಿಸಿಬಿಟ್ಟರು. ನನ್ನ ಜೊತೆ ಆಯ್ಕೆಯಾದವನು ನನ್ನ ತರಗತಿಯ ಲಾರೆನ್ಸ್, ಶಿರ್ವದವನು. ಅವನು ಚಿತ್ರ ಬಿಡಿಸುವವನು. ಒಂದು ತೆಂಗಿನಮರದ ಮುಂದೆ ಕೂತರೆ ಕಾಯಿ ಬಲಿಯುವವರೆಗೂ ಏಳದ ಮನುಷ್ಯ. ದೇವರು ನಮ್ಮಿಬ್ಬರನ್ನು ಒಂದೇ ಹಡಗಿಗೆ ಹಾಕಿದ್ದು ತಮಾಷೆ ನೋಡುವುದಕ್ಕೇ ಇರಬೇಕು.

ಕೋಟು ಹೊಲಿಸಿ ಆಯಿತು, ಪಾಸ್‌ಪೋರ್ಟು ಬಂತು, ಉಪ್ಪಿನಕಾಯಿ ಭರಣಿಗೆ ಬಟ್ಟೆ ಕಟ್ಟಿ ಆಯಿತು. ಆಮೇಲೆ ನನ್ನ ಕಾಲಿನ ಕಡೆ ಯಾರದೋ ದೃಷ್ಟಿ ಬಿತ್ತು. ನನಗೆ ಶೂ ಇರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ನಮ್ಮ ಬಳಗದಲ್ಲೆಲ್ಲ ಶೂ ಇದ್ದದ್ದು ಅಂಬಲಪಾಡಿಯ ನನ್ನ ಭಾವನಿಗೆ ಮಾತ್ರ. ಅಕ್ಕನನ್ನು ಮದುವೆಯಾಗುವಾಗ ಬೊಂಬಾಯಿಯಿಂದ ತರಿಸಿ ಹಾಕಿಕೊಂಡದ್ದು. ಮದುವೆಯ ಮರುದಿನ ಅದನ್ನು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟವರು, ಪ್ರತಿ ದೀಪಾವಳಿಗೆ ಹೊರಗೆ ತೆಗೆದು, ಪಾಲಿಶ್ ಹಾಕಿ, ಬಿಸಿಲಿಗೆ ತೋರಿಸಿ, ಮತ್ತೆ ಮಲಗಿಸುತ್ತಿದ್ದರು. ಭಾವ ಕೆಟ್ಟವರಲ್ಲ, ಆದರೆ ಮಾತು ಮರೆಯುವವರಲ್ಲ. ಮದುವೆಯ ಊಟದಲ್ಲಿ ಅವರ ದೊಡ್ಡಪ್ಪನಿಗೆ ಪಾಯಸ ಸಿಗದೆ ಹೋದ ವಿಷಯವನ್ನು ಭಾವನ ಬಾಯಿಂದ ಅಕ್ಕ ಇನ್ನೂ ಕೇಳುತ್ತಿದ್ದಳು. ಅಂಥ ಮನೆಗೆ ಹೋಗಿ ನಾನು ಶೂ ಕೇಳಬೇಕಾಯಿತು. ಪರದೇಶಕ್ಕೆ ಹುಡುಗನನ್ನು ಕಳುಹಿಸುವವರಿಗೆ ಕಾಲಿಗೆ ಎಂತ ಹಾಕಿಸಬೇಕೆಂಬ ಅಂದಾಜು ಬೇಡವಾ ಎಂದು ಭಾವ ಒಂದು ಸುತ್ತು ಕೇಳಿದರು. ಅಕ್ಕ ಅಡುಗೆಮನೆಯ ಬಾಗಿಲಲ್ಲಿ ತಲೆತಗ್ಗಿಸಿ ನಿಂತಿದ್ದಳು. ಕೊನೆಗೆ ಪೆಟ್ಟಿಗೆ ತೆರೆದರು.

"ಶೂ ಕೊಡುವುದಕ್ಕೆ ನನಗೆ ಎಂತ ಬೇಜಾರಿಲ್ಲ," ಎಂದರು ಭಾವ. "ಆದರೆ ಒಂದು ಮಾತು. ದೇವರು ಇರುವ ಜಾಗಕ್ಕೆ ಅದನ್ನು ಹಾಕಿಕೊಂಡು ಹೋಗಬಾರದು. ಯಾವ ದೇವರಾದರೂ ಸರಿ."

ನಾನು ಭಾಷೆ ಕೊಟ್ಟೆ. ಅಕ್ಕ ಗೇಟಿನವರೆಗೆ ಬಂದು, ಸುತ್ತಮುತ್ತ ನೋಡಿ, ಮೆಲ್ಲನೆ ಹೇಳಿದಳು: "ಕೊಂಡುಹೋದ ಹಾಗೆಯೇ ತಂದು ಒಪ್ಪಿಸು ಆಯಿತಾ. ಪಾಯಸದ ಮಾತೇ ಸಾಕಾಗಿದೆ ನನಗೆ. ಶೂವಿನ ಮಾತೂ ಸೇರಿದರೆ ಈ ಮನೆಯಲ್ಲಿ ತಲೆ ಎತ್ತಲಿಕ್ಕಿಲ್ಲ." ಅವಳ ಆ ಮುಖವನ್ನು ನಾನು ಶೂವಿನ ಜೊತೆ ಯುರೋಪೆಲ್ಲ ಹೊತ್ತು ತಿರುಗಿದೆ.

ಭಾವನ ಪಾದ ಚಿಕ್ಕದು ಎಂಬುದು ನನಗೆ ತಿಳಿದದ್ದು ಕಾಪುವಿನಲ್ಲಿ. ಕಾರ್ಕಳದ ಪೇಟೆಯಲ್ಲಿ ಶೂ ಹಾಕಿ ನಡೆದರೆ ಹುಡುಗರು ಹಿಂದೆ ಬಂದಾರು ಎಂದು ನಡಿಗೆಯ ಅಭ್ಯಾಸಕ್ಕೆ ಕಾಪುವಿನ ಅತ್ತೆಯ ಮನೆಗೆ ಹೋಗಿದ್ದೆ. ಸಂಜೆ ಹೊತ್ತು ದೀಪಸ್ತಂಭದ ಕಡೆಗೆ ಹೋಗುವ ದಾರಿಯಲ್ಲಿ ಆ ಶೂಗಳೊಳಗೆ ಕಾಲು ತುರುಕಿ ಹೊರಟೆ. ಎಡಗಾಲಿನದ್ದಂತೂ ಹಿಮ್ಮಡಿಯನ್ನು ಹಲ್ಲಿನಿಂದ ಕಚ್ಚಿದ ಹಾಗೆ ಕಚ್ಚಿತು. ಮೀನು ಮಾರಿ ಖಾಲಿ ಬುಟ್ಟಿ ಹಿಡಿದು ಬರುತ್ತಿದ್ದ ಹೆಂಗಸರು ದಾರಿ ಬಿಟ್ಟು ನಿಂತರು. ಅವರಲ್ಲೊಬ್ಬಳು, ಪಾಪ, ಇಷ್ಟು ಸಣ್ಣ ಪ್ರಾಯದಲ್ಲಿ ಕಾಲು ಹೋಗಿದೆ ನೋಡು ಎಂದು ತುಳುವಿನಲ್ಲಿ ಮರುಗಿದಳು. ನನಗೆ ನಾಚಿಕೆಯಾಯಿತು. ಅದು ಭವಿಷ್ಯವಾಣಿ ಎಂದು ಆಗ ಹೊಳೆಯಲಿಲ್ಲ.

ಹಡಗಿನಲ್ಲಿ ತೊಂದರೆಯಾಗಲಿಲ್ಲ, ಹೆಚ್ಚಿನ ಹೊತ್ತು ಮಲಗಿ ವಾಂತಿ ಮಾಡುತ್ತಿದ್ದುದರಿಂದ ಶೂ ಬೇಕಾಗಲಿಲ್ಲ. ಇಟಲಿಯ ನೆಲಕ್ಕೆ ಇಳಿದ ಮೇಲೆ ಗೊತ್ತಾಯಿತು ನೋಡಿ, ಯುರೋಪಿನ ಕಲೆಯೆಲ್ಲ ಇರುವುದು ಇಗರ್ಜಿಗಳೊಳಗೆ, ಅಂದರೆ ಚರ್ಚುಗಳೊಳಗೆ. ಬೆಳಿಗ್ಗೆ ಒಂದು ಇಗರ್ಜಿ, ಕಾಫಿ ಕುಡಿದು ಇನ್ನೊಂದು, ಊಟವಾದ ಮೇಲೆ ಮತ್ತೊಂದು. ನಮ್ಮನ್ನು ಸುತ್ತಾಡಿಸುತ್ತಿದ್ದ ಮೇಡಂ ತುಂಬ ಉತ್ಸಾಹದವರು. ಬಸ್ಸಿನ ಕಿಟಕಿಯಲ್ಲಿ ಒಂದು ಗೋಪುರ ಕಂಡರೂ ಇಳಿಸಿಬಿಡುವರು. ಪ್ರತಿ ಬಾಗಿಲಲ್ಲೂ ನಾನು ಬಗ್ಗಿ ಲೇಸು ಬಿಚ್ಚಬೇಕು, ಹೊರಗೆ ಬಂದು ಮತ್ತೆ ಕಟ್ಟಬೇಕು. ಲಾರೆನ್ಸ್ ಮೊದಲ ದಿನವೇ ಸಮಾಧಾನದಿಂದ ಹೇಳಿದ: ಇಲ್ಲಿ ಶೂ ತೆಗೆಯುವ ಕ್ರಮವೇ ಇಲ್ಲ, ನಮ್ಮ ಶಿರ್ವದ ಇಗರ್ಜಿಗೂ ನಾವು ಹಾಕಿಕೊಂಡೇ ಹೋಗುವುದು, ನಿನ್ನ ಭಾವನಿಗೆ ಯಾರು ಹೇಳುತ್ತಾರೆ ಮಾರಾಯ ಎಂದು. ಭಾವನಿಗೆ ಯಾರೂ ಹೇಳಲಿಕ್ಕಿಲ್ಲ, ನಿಜ. ಆದರೆ ಭಾಷೆ ಕೊಟ್ಟವನು ನಾನು. ಅಲ್ಲದೆ ಅದನ್ನು ಕಳಚಿದಾಗ ಕಾಲಿಗೆ ಸಿಗುತ್ತಿದ್ದ ಸುಖ ಯಾವ ದೇವರೂ ಬೇಡವೆನ್ನುವಂಥದ್ದಲ್ಲ.

ಮ್ಯೂಸಿಯಂಗಳ ವಿಷಯದಲ್ಲಿ ನನಗೆ ಧರ್ಮಸಂಕಟವಾಯಿತು. ಅದು ದೇವಸ್ಥಾನವಲ್ಲ. ಆದರೆ ಗೋಡೆಯ ತುಂಬ ತಾಯಿ ಮೇರಿ, ಮಗು ಯೇಸು, ಸಂತರು, ದೇವದೂತರು. ಭಾವ ಹೇಳಿದ್ದು ದೇವರು ಇರುವ ಜಾಗ ಎಂದು. ಇಲ್ಲಿ ನೋಡಿದರೆ ದೇವರು ಬಿಟ್ಟು ಬೇರೆ ಯಾರೂ ಇಲ್ಲ. ಬಾಗಿಲಲ್ಲೇ ಬಿಡಲು ಹೋದರೆ ಕಾವಲಿನವನು ಗದರಿಸಿದ. ಹಾಗಾಗಿ ಒಳಗೆ ಹೋಗಿ, ಅವನ ಕಣ್ಣು ತಪ್ಪಿಸಿ, ಶೂ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ತಿರುಗಿದೆ. ಒಂದು ದೊಡ್ಡ ಹಾಲಿನಲ್ಲಿ ಅಮೃತಶಿಲೆಯ ಯುವಕನೊಬ್ಬ ಮೈಮೇಲೆ ನೂಲಿಲ್ಲದೆ ನಿಂತಿದ್ದ. ಬೇರೆ ಊರುಗಳಿಂದ ಬಂದ ನಮ್ಮ ದೇಶದ ಹುಡುಗರೆಲ್ಲ ಮೇಲೆ ಕೆಳಗೆ ನೋಡಿ ಕೆಮ್ಮತೊಡಗಿದರು. ಕಾರ್ಕಳದವನಿಗೆ ಇದರಲ್ಲಿ ಹೊಸದೇನಿದೆ? ನಾನು ಹುಟ್ಟಿದಾಗಿನಿಂದ ಕಿಟಕಿಯಿಂದ ಕಂಡದ್ದೇ ಅಂಥವನನ್ನು, ಅದೂ ಇದಕ್ಕಿಂತ ಎಷ್ಟೋ ಎತ್ತರದವನನ್ನು. ನನ್ನ ಕೈ ತನ್ನಷ್ಟಕ್ಕೆ ಮುಗಿಯಿತು, ಕಾಲು ತನ್ನಷ್ಟಕ್ಕೆ ಎಡಕ್ಕೆ ತಿರುಗಿತು. ಒಂದು ಪ್ರದಕ್ಷಿಣೆ ಹಾಕಿಬಿಟ್ಟೆ. ತಿರುಗಿ ನೋಡಿದರೆ ಕ್ಯಾಮೆರಾ ಹಾಕಿಕೊಂಡ ಯಾವುದೋ ದೇಶದವರ ಒಂದು ಗುಂಪು ನನ್ನ ಹಿಂದೆಯೇ ಸುತ್ತು ಬರುತ್ತಿತ್ತು. ಈ ಮೂರ್ತಿಯನ್ನು ನೋಡುವ ಕ್ರಮವೇ ಹೀಗೆ ಎಂದುಕೊಂಡಿರಬೇಕು.

ಹೀಗೆ ಯುರೋಪಿನ ಕಲೆಯನ್ನು ನಾನು ನೋಡಿದ್ದು ಅಂಗಾಲಿನಿಂದ. ಯಾವ ಇಗರ್ಜಿಯ ನೆಲ ತಣ್ಣಗಿದೆ, ಯಾವುದರಲ್ಲಿ ಬಣ್ಣದ ಕಲ್ಲಿನ ಚೂರುಗಳು ಚುಚ್ಚುತ್ತವೆ, ಎಲ್ಲಿ ಸತ್ತವರ ಹೆಸರು ಕೆತ್ತಿದ ಕಲ್ಲುಗಳ ಮೇಲೆಯೇ ನಡೆಯಬೇಕು, ಅದರಲ್ಲಿ ಯಾವ ಅಕ್ಷರ ಸವೆದಿದೆ, ಎಲ್ಲ ಇವತ್ತಿಗೂ ಹೇಳಬಲ್ಲೆ. ಗೋಡೆಯ ಮೇಲೆ ಏನಿತ್ತೆಂದು ಮಾತ್ರ ಕೇಳಬೇಡಿ. ನನ್ನ ಮನಸ್ಸು ಬಾಗಿಲಲ್ಲಿತ್ತು.

ನನ್ನ ಉಪಾಯ ಕೈಕೊಟ್ಟ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಿಮ್ಮಲ್ಲಿ ಯಾರಾದರೂ ಹೋಗಿ ಶೂ ತೆಗೆದುಕೊಂಡು ಬಂದೀರಿ. ಅಲ್ಲಿಯ ಇಗರ್ಜಿಯ ಛಾವಣಿಯಲ್ಲಿ ಬರೆದ ಚಿತ್ರ ನೋಡಲು ಲೋಕದ ನಾನಾ ಕಡೆಯಿಂದ ಜನ ಬರುತ್ತಾರೆ. ಉರಿಬಿಸಿಲು. ಬಸ್ಸಿನಿಂದ ಇಗರ್ಜಿಯವರೆಗೆ ಕುಂಟುತ್ತ, ಲಾರೆನ್ಸನ ಹೆಗಲು ಹಿಡಿದು ಬಂದೆ. ಜನಜಂಗುಳಿ ನೋಡಿದ ಕೂಡಲೇ ನಮ್ಮೂರ ಉಪಾಯ ನೆನಪಾಯಿತು. ಬಲಗಾಲಿನದ್ದನ್ನು ಎದುರು ಬಾಗಿಲಲ್ಲಿ ಬಿಟ್ಟೆ. ಎಡಗಾಲಿನದ್ದೊಂದನ್ನೇ ಹಾಕಿಕೊಂಡು ಹಲ್ಲು ಕಚ್ಚಿ, ಗೋಡೆ ಹಿಡಿದು, ಮೊದಲಿಗಿಂತ ಹೆಚ್ಚು ಕುಂಟುತ್ತ ಪಕ್ಕದ ಬಾಗಿಲಿಗೆ ಹೋದೆ. ಅಲ್ಲಿ ಮೆಟ್ಟಿಲ ಮೇಲೆ ಕಪ್ಪು ಬಟ್ಟೆಯ ಒಬ್ಬ ಮುದುಕಿ ಜಪಮಾಲೆ ಹಿಡಿದು ಕುಳಿತಿದ್ದಳು. ನಾನು ಬಗ್ಗಿ ಎಡಗಾಲಿನ ಶೂ ಕಳಚಿ, ಅಪ್ಪಾ ದೇವರೇ ಎಂದು ಗಟ್ಟಿಯಾಗಿ ಉಸಿರುಬಿಟ್ಟು, ನೆಟ್ಟಗೆ ನಿಂತು, ನಗುನಗುತ್ತ ಒಳಗೆ ನಡೆದೆ.

ಒಳಗೆ ಎಲ್ಲರೂ ಕತ್ತು ಹಿಂದಕ್ಕೆ ಬಗ್ಗಿಸಿ ಬಾಯಿ ತೆರೆದು ನಿಂತಿದ್ದರು. ಮೇಡಂ ಮೇಲಕ್ಕೆ ಬೆರಳು ತೋರಿಸಿ ಹೇಳತೊಡಗಿದರು. ನಾನೂ ಇನ್ನೇನು ತಲೆ ಎತ್ತಬೇಕು, ಆಗ ಅನಿಸಿತು: ಎಡಗಾಲಿನದ್ದನ್ನು ಬಿಸಿಲಿನಲ್ಲಿ ಬಿಟ್ಟೆನೋ ಏನೋ, ತೊಗಲು ಬಿರುಕು ಬಿಟ್ಟರೆ? ಅಕ್ಕನ ಮುಖ ಕಣ್ಣಿಗೆ ಕಟ್ಟಿತು. ಎತ್ತಬೇಕೆಂದಿದ್ದ ತಲೆಯನ್ನು ಹಾಗೆಯೇ ತಗ್ಗಿಸಿಕೊಂಡು ಹೊರಗೆ ಓಡಿದೆ. ಶೂ ಇರಲಿಲ್ಲ. ಮುದುಕಿಯೂ ಇರಲಿಲ್ಲ. ಎದುರು ಬಾಗಿಲಿಗೆ ಓಡಿದೆ. ಬಲಗಾಲಿನದ್ದು ಇಟ್ಟಲ್ಲೇ ಇತ್ತು. ಅದನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಇಡೀ ಇಗರ್ಜಿಗೆ ಸುತ್ತು ಹಾಕಿದೆ. ಹೂ ಮಾರುವವಳನ್ನು ಕೇಳಿದೆ, ಪೊಲೀಸಿನವನನ್ನು ಕೇಳಿದೆ. ಒಂದು ಶೂ ತೋರಿಸಿ ಇನ್ನೊಂದು ಎಲ್ಲಿ ಎಂದು ಕೈಸನ್ನೆ ಮಾಡಿದರೆ ಎಲ್ಲರೂ ನನ್ನ ಕಾಲನ್ನೇ ನೋಡುತ್ತಿದ್ದರು. ಕೊನೆಗೆ ಲಾರೆನ್ಸ್ ಹುಡುಕಿಕೊಂಡು ಬಂದ. ಅವನ ಮುಖ ಒಂದು ಥರ ಇತ್ತು.

"ಶೂ ಸಿಕ್ಕಿತು," ಎಂದ. "ಆದರೆ ತೆಗೆಯುವ ಹಾಗೆ ಇಲ್ಲ."

ಒಳಗೆ ಒಂದು ಪಕ್ಕದಲ್ಲಿ ಯಾವುದೋ ಸಂತರ ಗುಡಿ. ನಮ್ಮಲ್ಲಿ ಕಾಲು ಗುಣವಾದವರು ದೇವರಿಗೆ ಬೆಳ್ಳಿಯ ಕಾಲು ಒಪ್ಪಿಸುವುದಿಲ್ಲವೇ, ಅಲ್ಲಿಯೂ ಹಾಗೆಯೇ. ಗೋಡೆಯ ತುಂಬ ಬೆಳ್ಳಿಯ ಕೈಕಾಲುಗಳು, ಹರಕೆ ತೀರಿದವರು ಬಿಟ್ಟುಹೋದ ಊರುಗೋಲುಗಳು. ಅವುಗಳ ಕೆಳಗೆ, ಸಂತರ ಪಾದದ ಬಳಿ, ಒಂದು ಬಿಳಿ ಬಟ್ಟೆಯ ಮೇಲೆ ಬಾಯಿ ಮೇಲೆ ಮಾಡಿ ಕುಳಿತಿತ್ತು ಭಾವನ ಎಡಗಾಲಿನ ಶೂ. ಅದರ ಎದುರು ಒಂದು ಮೇಣದ ಬತ್ತಿ ಉರಿಯುತ್ತಿತ್ತು. ಮೊಣಕಾಲೂರಿದ್ದ ಮುದುಕಿ ನನ್ನನ್ನು ಕಂಡದ್ದೇ ಎದ್ದು ಬಂದು, ಕೈ ಹಿಡಿದುಕೊಂಡು, ಅಳುತ್ತ ನಗುತ್ತ ಮಾತಾಡತೊಡಗಿದಳು. ಇಟಾಲಿಯನ್ ನಮಗಿಬ್ಬರಿಗೂ ಬಾರದು. ಆದರೆ ಲಾರೆನ್ಸ್ ಚಿಕ್ಕಂದಿನಿಂದ ಪೂಜೆಯಲ್ಲಿ ಲ್ಯಾಟಿನ್ ಹೇಳಿದವನು. ಅಲ್ಲೊಂದು ಇಲ್ಲೊಂದು ಶಬ್ದ ಹಿಡಿದ. ಉಳಿದದ್ದನ್ನು ಅವಳೇ ಅಭಿನಯಿಸಿದಳು. ಗೋಡೆ ಹಿಡಿದು ನನ್ನ ಹಾಗೆ ಕುಂಟಿ ತೋರಿಸಿದಳು, ಬಗ್ಗಿ ಶೂ ಕಳಚಿದ ಹಾಗೆ ಮಾಡಿದಳು, ಆಮೇಲೆ ನೆಟ್ಟಗೆ ನಡೆದು ತೋರಿಸಿದಳು. ನನ್ನ ಕುಂಟು ಸಂತರ ಬಾಗಿಲಲ್ಲಿ ಗುಣವಾಯಿತು, ಅದಕ್ಕೇ ನಾನು ಎಡಗಾಲಿನ ಶೂ ಹರಕೆ ಬಿಟ್ಟೆ, ಪರದೇಶಿಯಾದ್ದರಿಂದ ಎಲ್ಲಿ ಇಡಬೇಕೆಂದು ತಿಳಿಯದೆ ಮೆಟ್ಟಿಲಲ್ಲೇ ಇಟ್ಟೆ ಎಂದು ಅವಳ ಲೆಕ್ಕ.

ನಗು ಬರಬೇಕಾಗಿತ್ತು. ಆದರೆ ಅವಳು ಇನ್ನೂ ಮುಗಿಸಿರಲಿಲ್ಲ. ಲಾರೆನ್ಸ್ ಕಿವಿಗೊಟ್ಟು ಕೇಳಿ, ತಡೆದು ತಡೆದು ನನಗೆ ಹೇಳಿದ. ಅವಳಿಗೆ ಒಬ್ಬ ಮಗ. ಯುದ್ಧದಲ್ಲಿ ಕಾಲಿಗೆ ಪೆಟ್ಟಾದವನು ಹಾಸಿಗೆ ಬಿಟ್ಟು ಎದ್ದಿಲ್ಲ. ಅವನಿಗಾಗಿ ಇಲ್ಲಿ ಬಂದು ಕುಳಿತು ಕುಳಿತು ಅವಳಿಗೆ ಸಾಕಾಗಿ ಹೋಗಿತ್ತು, ಇನ್ನು ಬರುವುದಿಲ್ಲ ಎಂದು ಸಂತರಿಗೆ ಹೇಳಿಹೋಗಲು ಇವತ್ತು ಬಂದಿದ್ದಳು. ಅಷ್ಟರಲ್ಲಿ ನಾನು ಕುಂಟುತ್ತ ಬಂದೆ.

ನನಗೆ ಸಿಟ್ಟು ಬಂತು. ಕುಂಟುವವರು ಲೋಕದಲ್ಲಿ ಇಲ್ಲವೇ, ನನ್ನ ಭಾವನ ಶೂವೇ ಆಗಬೇಕಿತ್ತೇ ಈ ತಾಯಿಗೆ? ಕೈ ಚಾಚಿದರೆ ಸಿಗುವಷ್ಟು ಹತ್ತಿರದಲ್ಲಿತ್ತು ಅದು. ತೆಗೆದುಕೊಂಡರೆ ಅಕ್ಕ ಬದುಕಿದಳು. ಬಿಟ್ಟರೆ ಪಾಯಸದ ಜೊತೆ ಶೂವೂ ಅವಳ ತಲೆಗೆ ಕಟ್ಟಿತು. ನಾನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತ, ಉತ್ಸಾಹದಲ್ಲಿ ಕುಣಿಯುತ್ತಿದ್ದೇನೆಂದು ಅವಳಿಗೆ ಕಾಣುವ ಹಾಗೆ ನಿಂತಿದ್ದೆ.

"ನಾನು ಹೇಗಾದರೂ ತಿಳಿಸಿ ಹೇಳಲಾ?" ಎಂದ ಲಾರೆನ್ಸ್. "ಶೂ ಬಿಗಿ ಇತ್ತು, ಅಷ್ಟೇ ಅಂತ?"

"ಬೇಡ ಮಾರಾಯ," ಎಂದೆ. "ಬಿಡು. ಇರಲಿ."

ಹೇಳುವುದು ಸುಲಭ. ಈಗ ಅಲ್ಲಿಂದ ಹೊರಗೆ ಹೋಗಬೇಕಲ್ಲ? ಮುದುಕಿ ಬಾಗಿಲವರೆಗೆ ಕಳುಹಿಸಲು ಬಂದು, ಎದೆಯ ಮೇಲೆ ಕೈಯಿಟ್ಟು ನಿಂತಳು. ಗುಣವಾದವನು ಕುಂಟುವಂತಿಲ್ಲ. ಹಿಮ್ಮಡಿಯಲ್ಲಿ ಬೊಬ್ಬೆ ಒಡೆದು ಉರಿಯುತ್ತಿತ್ತು, ಎದುರಿನ ಚೌಕದ ಕಲ್ಲು ಕಾವಲಿಯ ಹಾಗೆ ಕಾದಿತ್ತು. ಆದರೆ ಕಾರ್ಕಳದ ಬಂಡೆಯನ್ನು ನಡುಮಧ್ಯಾಹ್ನ ಬರಿಗಾಲಿನಲ್ಲಿ ಹತ್ತಿದ ಕಾಲು ಅದು. ಬಲಗಾಲಿನ ಶೂ ಕಂಕುಳಲ್ಲಿಟ್ಟುಕೊಂಡು, ಬೆನ್ನು ನೆಟ್ಟಗೆ ಮಾಡಿ, ಮೆರವಣಿಗೆಯಲ್ಲಿ ಹೋಗುವವನ ಹಾಗೆ ನಿಧಾನವಾಗಿ ನಡೆದೆ. ನನ್ನ ಜನ್ಮದಲ್ಲಿ ಅಷ್ಟು ನಿಧಾನ ನಾನು ಎಂದೂ ನಡೆದವನಲ್ಲ. ಬೀದಿಯ ಮೂಲೆ ತಿರುಗಿದ ಮೇಲೆ ನೆಲಕ್ಕೆ ಕುಸಿದು ಕುಳಿತೆ. ಲಾರೆನ್ಸ್ ಚೀಲದಿಂದ ತನ್ನ ರಬ್ಬರ್ ಚಪ್ಪಲಿ ತೆಗೆದು ಕೊಟ್ಟ. ಉಳಿದ ಯುರೋಪನ್ನು ನಾನು ನೋಡಿದ್ದು ಅದರಲ್ಲಿ. ಪ್ಯಾರಿಸ್ಸಿನಲ್ಲಿ ಒಂದು ಸಂಗೀತದ ಸಭೆಗೆ ಆ ಚಪ್ಪಲಿ ನೋಡಿಯೇ ಒಳಗೆ ಬಿಡಲಿಲ್ಲ. ನನಗೇನೂ ಬೇಸರವಾಗಲಿಲ್ಲ, ಅಷ್ಟು ಹೊತ್ತು ಕುಳಿತಿರುವುದು ತಪ್ಪಿತು.

ಊರಿಗೆ ಬಂದವನು ಮನೆಗೂ ಹೋಗದೆ ಮೊದಲು ಅಂಬಲಪಾಡಿಗೆ ಹೋದೆ. ಭಾವ ಚಾವಡಿಯಲ್ಲಿ ಕುಳಿತು ಕಟ್ಟು ಬಿಚ್ಚಿದರು. ಒಂದು ಶೂ ಹೊರಗೆ ತೆಗೆದರು. ಬಟ್ಟೆ ಕೊಡವಿದರು. ಮತ್ತೆ ಕೊಡವಿದರು. ಅಕ್ಕ ಕಾಫಿಯ ಲೋಟ ಹಿಡಿದು ನಿಂತಲ್ಲೇ ನಿಂತಳು. ನಾನು ಬಾಯಿಗೆ ಬಂದ ಹಾಗೆ, ಹಿಂದೆಮುಂದೆ ಮಾಡಿ, ಮುದುಕಿಯಿಂದ ಹಿಡಿದು ಕಾಪುವಿನ ಮೀನಿನ ಹೆಂಗಸಿನವರೆಗೆ ಎಲ್ಲ ಒದರಿಬಿಟ್ಟೆ. ಭಾವ ಶೂವನ್ನು ತಿರುಗಿಸಿ ಅದರ ಅಡಿ ನೋಡಿದರು. ಆಮೇಲೆ, ನೀನು ಹಾಕಿಕೊಂಡು ಒಳಗೆ ಹೋದದ್ದಲ್ಲವಲ್ಲ ಎಂದು ಕೇಳಿದರು. ಅಲ್ಲ ಭಾವ, ಅವರಾಗಿ ಕೊಂಡುಹೋಗಿ ಇಟ್ಟದ್ದು ಎಂದೆ.

"ಆ ಹೆಂಗಸಿನ ಮಗ ಎದ್ದನಾ?" ಎಂದರು ಭಾವ.

ಗೊತ್ತಿಲ್ಲ ಎಂದೆ. ಭಾವ ಎದ್ದು ಒಳಗೆ ಹೋಗಿ ಪಾಲಿಶ್ ಡಬ್ಬ ತಂದು, ಉಳಿದ ಆ ಒಂದು ಶೂವನ್ನು ತಿಕ್ಕತೊಡಗಿದರು. ಅಕ್ಕ ನನ್ನ ಕಡೆ ನೋಡಿ ಕಾಫಿ ಕೊಟ್ಟಳು. ಅವಳ ಮುಖದಲ್ಲಿ ನಗು ಇತ್ತು. ಮರುದಿನದಿಂದ ಆ ಶೂ ಪೆಟ್ಟಿಗೆಗೆ ಹೋಗಲಿಲ್ಲ. ಚಾವಡಿಯ ಗಾಜಿನ ಕಪಾಟಿನಲ್ಲಿ ಕುಳಿತಿತು. ಬಂದವರಿಗೆಲ್ಲ ಭಾವ ಅದನ್ನು ತೋರಿಸಿ, ಇದರ ಜೋಡಿ ಇಟಲಿಯಲ್ಲಿ ಉಂಟು, ದಿನಾ ದೀಪ ಇಡುತ್ತಾರೆ ಎನ್ನತೊಡಗಿದರು. ಮಲ್ಪೆಯಿಂದ, ಕಲ್ಯಾಣಪುರದಿಂದ ಜನ ಬಂದು ನೋಡಿ ಹೋದರು. ಪಾಯಸ ಸಿಗದ ದೊಡ್ಡಪ್ಪನೂ ಬಂದು, ಅಕ್ಕನ ತವರಿನವರು ದೊಡ್ಡ ಮನಸ್ಸಿನವರು ಎಂದು ಹೇಳಿ ಹೋದರು. ಉಡುಪಿಯ ಆಚೆ ಹೆಚ್ಚು ದಾಟದ ನನ್ನ ಭಾವ ಇಟಲಿಯ ವಿಷಯದಲ್ಲಿ ನನ್ನನ್ನೇ ತಿದ್ದುವಷ್ಟು ಬಲ್ಲವರಾದರು.

ಇತ್ತ ಮಣಿಪಾಲದಲ್ಲಿ ನನ್ನ ಭಾಷಣ ಇಟ್ಟರು: ಯುರೋಪಿನ ಕಲೆ ಮತ್ತು ಸಂಸ್ಕೃತಿ. ಭಾವ, ಅಕ್ಕ ಮುಂದಿನ ಸಾಲಿನಲ್ಲಿ ಕುಳಿತಿದ್ದರು. ನಾನು ನೆಲದ ಬಗ್ಗೆ ಮಾತಾಡಿದೆ. ಬೇರೆ ಏನು ಗೊತ್ತಿತ್ತು ನನಗೆ? ಲಾರೆನ್ಸ್ ತಾನು ಬಿಡಿಸಿದ ಚಿತ್ರಗಳನ್ನು ತೋರಿಸಿ ಮಾನ ಉಳಿಸಿದ. ವಾಪಸು ಬರುವಾಗ ಬಸ್ಸಿನಲ್ಲಿ ಭಾವ ನನ್ನ ಪಕ್ಕ ಕುಳಿತು, ಶೂ ಇರುವ ಆ ಇಗರ್ಜಿಯಲ್ಲಿ ತಲೆಯ ಮೇಲಿನ ಮಾಡಿನಲ್ಲಿ ಎಂತ ಬರೆದಿದ್ದಾರೆ, ಲೋಕದ ಜನ ಅದಕ್ಕೇ ಬರುತ್ತಾರಂತಲ್ಲ ಎಂದು ಕೇಳಿದರು. ನಾನು ಸೀಟಿನಲ್ಲಿ ಮಿಸುಕಾಡಿದೆ. ನೋಡಲಿಲ್ಲ ಭಾವ, ತಲೆ ಎತ್ತುವಷ್ಟರಲ್ಲಿ ನಿಮ್ಮ ಶೂವಿನ ಯೋಚನೆ ಬಂತು ಎಂದೆ.

"ಹೋಗಲಿ ಬಿಡು," ಎಂದರು ಭಾವ. "ಶೂ ಬಾಯಿ ಮೇಲೆ ಮಾಡಿ ಕೂತಿದೆ ಅಂದೆಯಲ್ಲ. ಅದು ನೋಡುತ್ತಾ ಇರುತ್ತದೆ."

ನಾನು ಅಷ್ಟರಲ್ಲಿ ಸೀಟಿನ ಕೆಳಗೆ ಕಾಲಾಡಿಸಿ ಚಪ್ಪಲಿ ಹುಡುಕುತ್ತಿದ್ದೆ. ಇಳಿಯುವ ಜಾಗ ಇನ್ನೂ ದೂರವಿತ್ತು. ಭಾವ ಹೇಳಿದ್ದನ್ನು ಈಗಲೂ ಆಗಾಗ ಯೋಚಿಸುತ್ತೇನೆ. ನಮ್ಮ ಇಡೀ ಕುಟುಂಬದಲ್ಲಿ ಯುರೋಪಿನ ಕಲೆಯನ್ನು ಒಂದೇ ಕಡೆ ಕುಳಿತು, ಸಮಾಧಾನದಿಂದ ನೋಡಿದ್ದು ಆ ಎಡಗಾಲಿನ ಶೂ ಒಂದೇ. ನಾನು ಹೋದದ್ದು ಅದನ್ನು ಅಲ್ಲಿಗೆ ಮುಟ್ಟಿಸಿ ಬರುವುದಕ್ಕೆ.